ದಂಡಿನ ಕಾಗದಗಳಲ್ಲಿ ನಮ್ಮ ಸೀಮೆ

ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ ನನಗೊಬ್ಬರು ಹಿರಿಯ ಸ್ನೇಹಿತರಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆಯ ಪಾಠ ಹೇಳಿ ನಿವೃತ್ತರಾದವರು. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಭದ್ರಾವತಿಯಿಂದ ಬಸ್ಸಿಳಿದು ಅವರ ಮನೆಗೆ ಹೋದಾಗ, ಜಗಲಿಯ ಮೇಲೆ ಮೂರು ದಪ್ಪ ಸಂಪುಟಗಳನ್ನು ಹರಡಿಕೊಂಡು ಕುಳಿತಿದ್ದರು.

"ಏನು ಮೇಷ್ಟ್ರೇ, ಭಾರತವೋ?" ಎಂದೆ.

"ಹಾಗೇ ಅಂದುಕೊಳ್ಳಿ. ಯುದ್ಧವೇನೋ ನಮ್ಮ ಅಂಗಳದಲ್ಲೇ ನಡೆದದ್ದು. ಆದರೆ ಕಥೆ ಹೇಳುವವನು ಒಂದೇ ಕಡೆಯವನು" ಎಂದರು.

ಅವು ವೆಲ್ಲಿಂಗ್ಟನ್ ಡ್ಯೂಕನ ರಾಜಪತ್ರಗಳು; ಕರ್ನಲ್ ಗರ್ವುಡ್ ಎಂಬಾತ 1834ರಿಂದ 1839ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಗ್ರಂಥದ ಮೊದಲ ಭಾಗ. ವಾಟರ್ಲೂ ಗೆದ್ದವನೆಂದು ಲೋಕವೆಲ್ಲ ಬಲ್ಲ ಆ ಡ್ಯೂಕ್, ನಮ್ಮ ಸೀಮೆಗೆ ಬಂದಾಗ ಇನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರ ಮೇ 4ರಂದು ಟಿಪ್ಪುಸುಲ್ತಾನ ಬಿದ್ದಮೇಲೆ ಶ್ರೀರಂಗಪಟ್ಟಣದ ಗವರ್ನರಾಗಿ ಕುಳಿತಾಗ ಅವನಿಗೆ ಆಗಷ್ಟೇ ಮೂವತ್ತು ವರ್ಷ ತುಂಬಿತ್ತು. ಅಣ್ಣ ರಿಚರ್ಡ್ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್. 1805ರ ಮಾರ್ಚಿನಲ್ಲಿ ಹಡಗು ಹತ್ತುವವರೆಗೆ ತಮ್ಮ ಬರೆದ ಕಾಗದಗಳಿಗೆ ಲೆಕ್ಕವಿಲ್ಲ. ದಂಡು, ದವಸ, ಮದ್ದು, ಎತ್ತು, ದೋಣಿ, ಹಡಗು: ಇವೇ ಅವುಗಳ ವಸ್ತು.

"ಇವನ್ನು ಕನ್ನಡಕ್ಕೆ ತರಬೇಕು ಕಣ್ರೀ" ಎಂದರು ಮೇಷ್ಟರು. ನನಗೆ ಒಪ್ಪಿಗೆಯಾಗಲಿಲ್ಲ. ಗೆದ್ದವನ ಉಗ್ರಾಣದ ಲೆಕ್ಕವನ್ನು ಸೋತವರು ತಮ್ಮ ನುಡಿಗೆ ಇಳಿಸಿಕೊಂಡು ಓದುವುದರಲ್ಲಿ ಏನು ಸೊಗಸು? ಹಾಗೆಂದು ವಾದ ಹೂಡಿದೆ. ಅವರು ವಾದಿಸದೆ ಒಂದು ಸಂಪುಟವನ್ನು ನನ್ನ ಕೈಗಿಟ್ಟರು. ಮಳೆಗಾಲ ಮುಗಿಯುವುದರೊಳಗೆ ಮೂರನ್ನೂ ಓದಿದೆ. ಆ ಓದಿನ ಫಲ ಈ ಬರಹ.

ಮೊದಲು ಆಗುವ ಅನುಭವ ನಗೆಯದು. ಊರುಗಳ ಹೆಸರುಗಳನ್ನು ಈತ ಕೇಳಿದಂತೆ ಬರೆದಿದ್ದಾನೆ. ಬಿದನೂರು 'ಬೆಡ್ನೂರ್', ಹರಿಹರ 'ಹರ್ರಿಹರ್', ಚಿತ್ರದುರ್ಗ 'ಚಿಟಲ್‌ಡ್ರೂಗ್'. ರಾಣೆಬೆನ್ನೂರಂತೂ 'ರಾಣಿ ಬೆಡ್ನೂರ್' ಆಗಿ, ನಮ್ಮ ನಗರಕ್ಕೆ ಎಂದೋ ಒಬ್ಬ ಮಹಾರಾಣಿಯಿದ್ದು ಆಕೆ ತೌರಿಗೆ ಹೋಗಿ ನೆಲಸಿದಳೋ ಎನ್ನಿಸುತ್ತದೆ. ನಗು ಮುಗಿದ ಮೇಲೆ ಬೇರೊಂದು ಭಾವ ಬರುತ್ತದೆ. ನಾವು ದಿನವೂ ಬಸ್ಸಿನಲ್ಲಿ ದಾಟುವ ದಾರಿಯನ್ನು ಒಬ್ಬನು ಎಷ್ಟು ಗಳಿಗೆಯಲ್ಲಿ ಎಷ್ಟು ಫಿರಂಗಿಗಳನ್ನು ಎಳೆಯಿಸಬಹುದು ಎಂಬ ಒಂದೇ ಕಣ್ಣಿನಿಂದ ಅಳೆದಿದ್ದಾನಲ್ಲ ಎಂಬ ಇರಿಸುಮುರಿಸು.

ಈ ಕಾಗದಗಳ ಮೊದಲ ಭಾಗದ ನಾಯಕ, ಅಥವಾ ಪ್ರತಿನಾಯಕ, ನಮ್ಮವನು: ಧೋಂಡಿಯಾ ವಾಘ. ಚನ್ನಗಿರಿಯಲ್ಲಿ ಹುಟ್ಟಿದ ಮರಾಠನೀತ. (ಚನ್ನಗಿರಿ 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿದೆ, ನಾನು ಹುಡುಗನಾಗಿದ್ದಾಗ ಅದು ಶಿವಮೊಗ್ಗೆಯದೇ.) ಹೈದರನ ಸೈನ್ಯದಲ್ಲಿದ್ದು, ಆಮೇಲೆ ಸ್ವತಂತ್ರವಾಗಿ ಸುಲಿಗೆಗೆ ಇಳಿದು, ಕೊನೆಗೆ ಟಿಪ್ಪುವಿನ ಸೆರೆಯಲ್ಲಿದ್ದವನು. ಪಟ್ಟಣ ಬಿದ್ದ ಗದ್ದಲದಲ್ಲಿ ಸೆರೆಯಿಂದ ಹೊರಬಿದ್ದ. ಕೆಲವೇ ವಾರಗಳಲ್ಲಿ ಬಿದನೂರು ಸೀಮೆಯ ಕೋಟೆಗಳು ಒಂದೊಂದಾಗಿ ಅವನಿಗೆ ಬಾಗಿಲು ತೆರೆದವು. 1799ರ ಆಗಸ್ಟಿನಲ್ಲಿ ಶಿಕಾರಿಪುರದ ಬಳಿ ಕಂಪೆನಿಯ ದಂಡು ಅವನನ್ನು ಸೋಲಿಸಿದರೂ ಹಿಡಿಯಲಾಗಲಿಲ್ಲ. ಮರಾಠರ ಸೀಮೆಗೆ ನುಸುಳಿಕೊಂಡ. ಮರುವರ್ಷ ಮತ್ತೆ ದಂಡು ಕಟ್ಟಿ, ಉಭಯಲೋಕಾಧೀಶ್ವರನೆಂದು ಬಿರುದು ಹಚ್ಚಿಕೊಂಡು ಬಂದ.

ವೆಲ್ಲೆಸ್ಲಿಯ ಕಾಗದಗಳಲ್ಲಿ ಈತ ದರೋಡೆಗಾರ, ಅಷ್ಟೆ. ಈಚಿನ ನಮ್ಮ ಕೆಲವು ಲೇಖಕರ ಕೈಯಲ್ಲಿ ಇವನು ಸ್ವಾತಂತ್ರ್ಯ ಸಂಗ್ರಾಮದ ಪ್ರಥಮ ವೀರ. ನನಗೆ ಎರಡೂ ರುಚಿಸುವುದಿಲ್ಲ. ವೀರನೆಂದು ಹಾರ ಹಾಕುವವರು, ಇವನ ಕುದುರೆಗಳು ತುಳಿದ ಗದ್ದೆಗಳೂ ಕನ್ನಡಿಗರವೇ ಎಂಬುದನ್ನು ಮರೆಯುತ್ತಾರೆ. ದರೋಡೆಗಾರನೆಂದು ಮುಗಿಸುವವರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಬರಿಗೈಯಲ್ಲಿ ಸೆರೆಯಿಂದ ಬಂದವನಿಗೆ ಅಷ್ಟು ಬೇಗ ಸಾವಿರಾರು ಸವಾರರು ಎಲ್ಲಿಂದ ಬಂದರು? ಉತ್ತರ ಈ ಕಾಗದಗಳ ಒಳಗೇ ಇದೆ, ಬರೆದವನು ಅದರ ಮೇಲೆ ಬೆರಳಿಟ್ಟು ನಿಲ್ಲುವುದಿಲ್ಲ ಅಷ್ಟೆ. ಟಿಪ್ಪುವಿನ ದಂಡು ಒಡೆದುಹೋಗಿತ್ತು. ಕುದುರೆ ಕತ್ತಿ ಬಿಟ್ಟು ಬೇರೊಂದು ಕಸುಬು ತಿಳಿಯದ ಜನ ಒಂದೇ ದಿನದಲ್ಲಿ ಸಂಬಳವಿಲ್ಲದವರಾಗಿದ್ದರು. ಚಿಮಣಿಯ ಹೊಗೆ ನೋಡಿ ಹೊತ್ತು ಹೇಳುತ್ತಿದ್ದ ಊರಿನಲ್ಲಿ ಬೆಳೆದವನು ನಾನು. ನಡುವಯಸ್ಸಿನಲ್ಲಿ ಕೆಲಸ ಹೋದವನು ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಡಬ್ಬಿಗೆ ಊಟ ಕಟ್ಟಿಸಿಕೊಂಡು, ಹೊಸಿಲಲ್ಲಿ ನಿಂತುಬಿಡುವುದನ್ನು ಕಂಡಿದ್ದೇನೆ. ಅಂಥವನನ್ನು 'ಬಾ' ಎಂದು ಕರೆದ ಮೊದಲಿಗನು ಯಾರೇ ಆಗಿರಲಿ, ಅವನ ಜಾತಕ ವಿಚಾರಿಸುವಷ್ಟು ವ್ಯವಧಾನ ಅವನಿಗಿರುವುದಿಲ್ಲ.

ಈಗ ಗದ್ಯದ ಗುಣಕ್ಕೆ ಬರೋಣ. ವಿಮರ್ಶಕನು ಕೇಳಬೇಕಾದದ್ದು ಅದನ್ನೇ ತಾನೆ?

ಅಣ್ಣ ರಿಚರ್ಡನ ಪತ್ರಗಳನ್ನೂ ಮಾರ್ಟಿನ್ ಎಂಬಾತ 1836-37ರಲ್ಲಿ ಅಚ್ಚು ಹಾಕಿಸಿದ್ದಾನೆ. ಅವು ದರ್ಬಾರಿನ ಬರಹಗಳು. ಜರತಾರಿ ಪೇಟ, ಕೈತುಂಬ ಉಂಗುರ. ಒಂದು ವಾಕ್ಯ ಆರಂಭವಾದರೆ ಕ್ರಿಯಾಪದ ಸಿಕ್ಕುವುದರೊಳಗೆ ಓದುಗನು ಒಂದು ಲೋಟ ಕಾಫಿ ಮುಗಿಸಬಹುದು. ತಮ್ಮನದು ಹಾಗಲ್ಲ. ವಿಶೇಷಣವೆಂದರೆ ಅವನಿಗೆ ದುಂದುವೆಚ್ಚ. ಎಷ್ಟು ಅಕ್ಕಿ, ಎಷ್ಟು ಹೇರು, ಎಂದು ಬರಬೇಕು, ಬರದಿದ್ದರೆ ಏನು ಮಾಡಬೇಕು. ಓದುತ್ತ ಓದುತ್ತ ಈ ಬೋಳುತನದಲ್ಲೇ ಒಂದು ಬಿಗಿ ಕಾಣುತ್ತದೆ. ಹೊಗಳಿಕೆಗಾಗಿ ಬರೆಯದವನ ಗದ್ಯಕ್ಕಿರುವ ಬಿಗಿ ಅದು. ನಮ್ಮ ಶಾನುಭೋಗರ ಕಡತಗಳಲ್ಲಿಯೂ ಇಂಥ ಬಿಗಿಯನ್ನು ನಾನು ಕಂಡದ್ದುಂಟು. ಕರಿಬಟ್ಟೆಯ ಮೇಲೆ ಬಳಪದಿಂದ ಬರೆದ, ಅಲಂಕಾರವಿಲ್ಲದ ಗದ್ಯ. ಲಿಂಗಣ್ಣಕವಿಯ 'ಕೆಳದಿನೃಪವಿಜಯ'ವನ್ನು ನಾವು ಸಾಹಿತ್ಯವೆಂದು ಪಾಠ ಹೇಳುತ್ತೇವೆ, ಸರಿ. ಆದರೆ ಅದೇ ಸೀಮೆಯ ಕಡತಗಳನ್ನು ಕನ್ನಡ ಗದ್ಯವೆಂದು ಎಷ್ಟು ಜನ ಓದಿದ್ದೇವೆ?

ಬೋಳು ಗದ್ಯದ ನಡುವೆ ಒಂದು ವಿಷಯದಲ್ಲಿ ಮಾತ್ರ ಈ ಮನುಷ್ಯನಿಗೆ ಭಾವ ಉಕ್ಕುತ್ತದೆ: ಎತ್ತು. ಒಳ್ಳೆಯ ಎತ್ತು, ಒಳ್ಳೆಯ ಆರೈಕೆ, ಬಲ್ಲ ಹೊಡೆಯಾಳು ಇವಿಲ್ಲದೆ ವೇಗದ ನಡಿಗೆ ಎಂಬುದು ಸುಳ್ಳು ಎಂದು ಬೇರೆಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರೆಯುತ್ತಾನೆ. ಇವು ಯಾವ ಎತ್ತುಗಳೆಂದು ನಮಗೆ ಗೊತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂದು ಹೆಸರಾಯಿತು. 1783ರಲ್ಲಿ ಬಿದನೂರನ್ನು ಮರಳಿ ಹಿಡಿಯಲು ಟಿಪ್ಪು ಒಂದು ತಿಂಗಳಲ್ಲಿ ಕರಾವಳಿಯಿಂದ ಕರಾವಳಿಯ ಕಡೆಗೆ ದಂಡು ಸಾಗಿಸಿದ್ದು ಈ ತಳಿಯ ಬಲದಿಂದ. ಮುಂದೆ ಸ್ಪೇನಿನ ಬೆಟ್ಟಗಳಲ್ಲಿ ಫ್ರೆಂಚರ ಮೇಲೆ ಕಾದುವಾಗಲೂ ವೆಲ್ಲಿಂಗ್ಟನ್ ಮೈಸೂರಿನ ಎತ್ತುಗಳನ್ನು ನೆನೆದು ಹಲುಬಿದನಂತೆ. ಇದೇ ತಳಿಯ ಗತಿ ಇನ್ನೊಬ್ಬ ಗವರ್ನರನ ಕಾಗದದಲ್ಲಿ ಏನಾಯಿತೆಂಬುದೂ ಕೇಳುವಂತಿದೆ. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಆ ಹಿಂಡನ್ನೇ ಮಾರಿಸಿಬಿಟ್ಟ. ಕೆಲವು ದನ ಈಜಿಪ್ಟಿನ ಪಾಷಾನ ಪಾಲಾದವು. ಆರೇಳು ವರ್ಷದಲ್ಲಿ ತಪ್ಪು ತಿಳಿದು, ಅಳಿದುಳಿದದ್ದನ್ನು ಹುಡುಕಿ ತಂದು ಮತ್ತೆ ಕಟ್ಟಬೇಕಾಯಿತು. ಒಂದು ಟಿಪ್ಪಣಿಯ ಮೇಲೆ ಒಂದು ರುಜು. ಅಜ್ಜಂಪುರದ ಕಾವಲುಗಳಲ್ಲಿ ತಲೆಮಾರುಗಳಿಂದ ಬೆಳೆದದ್ದು ಒಂದು ಹರಾಜಿನಲ್ಲಿ ಚದುರಿಹೋಯಿತು.

ನೌಕಾಪಡೆಯ ವಿಷಯಕ್ಕೆ ಮಲೆನಾಡಿಗೇನು ಸಂಬಂಧವೆಂದು ವಾಚಕರು ಕೇಳಬಹುದು. ಮೊದಲ ಸಂಬಂಧ ನಗೆಪಾಟಲಿನದು. 1800ರ ಜೂನ್ ತಿಂಗಳಲ್ಲಿ ಧೋಂಡಿಯಾನನ್ನು ಬೆನ್ನಟ್ಟಿ ಬಂದ ವೆಲ್ಲೆಸ್ಲಿ ಹರಿಹರದಲ್ಲಿ ತುಂಗಭದ್ರೆಯ ದಡಕ್ಕೆ ಬಂದು ನಿಂತ. ಹೊಳೆ ತುಂಬಿತ್ತು. ಮುಂದೆ ಹಿಂದೂಸ್ಥಾನದ ಅರ್ಧವನ್ನು ಗೆದ್ದ ದಂಡು ಹರಿಗೋಲುಗಳಲ್ಲಿ ಸರದಿಯ ಮೇಲೆ ದಾಟುತ್ತ ದಿನಗಟ್ಟಲೆ ಕಳೆಯಬೇಕಾಯಿತು. ಶಿವಮೊಗ್ಗೆಯ ತುಂಗೆ, ಭದ್ರಾವತಿಯ ಭದ್ರೆ, ಇಬ್ಬರೂ ಕೂಡಲಿಯಲ್ಲಿ ಕೈ ಹಿಡಿದುಕೊಂಡು ಹೋಗಿ ಹರಿಹರದಲ್ಲಿ ಆತನನ್ನು ತಡೆದರು ಎಂದು ಮೇಷ್ಟರು ಹೇಳಿ ನಕ್ಕರು. ಆಮೇಲಿನ ಕಾಗದಗಳಲ್ಲಿ ಹರಿಗೋಲನ್ನು ಎಷ್ಟಗಲ, ಎಷ್ಟಾಳ ಹೆಣೆಯಬೇಕು, ತೊಗಲು ಹೇಗೆ ಹೊದಿಸಬೇಕು ಎಂದು ಆತ ಬುಟ್ಟಿ ಹೆಣೆಯುವವನಿಗಿಂತ ವಿವರವಾಗಿ ಬರೆಯುತ್ತಾನೆ.

ಅಷ್ಟಕ್ಕೇ ಬಿಡಲಿಲ್ಲ. ಈ ದಾಳಿಯ ಪಾಠದಿಂದ ಮರಾಠರ ಸೀಮೆಯಲ್ಲಿ ಯುದ್ಧ ನಡೆಸುವ ಬಗೆಯನ್ನು ಕುರಿತು ಒಂದು ದೀರ್ಘ ಟಿಪ್ಪಣಿ ಬರೆದ. ಅದರ ತಿರುಳು: ಹೊಳೆಗಳು ತುಂಬಿರುವ ಕಾಲವೇ ನಮಗೆ ಅನುಕೂಲ, ನಮ್ಮಲ್ಲಿ ದೋಣಿಗಳಿದ್ದರೆ ನಾವು ದಾಟಬಲ್ಲೆವು, ಮರಾಠ ಸವಾರ ದಾಟಲಾರ. ನಮ್ಮ ರೈತ ಮುಗಿಲು ನೋಡಿ ಬೀಜ ಹಾಕುತ್ತಾನೆ. ಈತ ಅದೇ ಮುಗಿಲನ್ನು ನೋಡಿ ಯುದ್ಧದ ಪಂಚಾಂಗ ಬರೆದ. ಮೂರು ಸಂಪುಟಗಳಲ್ಲಿ ನನ್ನನ್ನು ಹೆದರಿಸಿದ ಬರಹ ಇದೊಂದೇ. ಫಿರಂಗಿಯ ವರ್ಣನೆಗೆ ನಾನು ಹೆದರಲಿಲ್ಲ. ನಮ್ಮ ಮಳೆಯನ್ನು ಒಬ್ಬ ಪರದೇಶಿ ಒಂದೇ ಮಳೆಗಾಲದಲ್ಲಿ ಕಲಿತುಬಿಟ್ಟನಲ್ಲ ಎಂಬುದಕ್ಕೆ ಹೆದರಿದೆ.

ಎರಡನೆಯ ಸಂಬಂಧ ನಿಜವಾದ ಕಡಲಿನದು. 1763ರಲ್ಲಿ ಹೈದರನು ಬಿದನೂರನ್ನು ಹಿಡಿದದ್ದೇ ಅವನಿಗೆ ಕಡಲ ಬಾಗಿಲು ತೆರೆದಂತಾಯಿತು. ಬಿದನೂರು ಹೈದರನಗರವಾಯಿತು, ಮಂಗಳೂರು ಹೊನ್ನಾವರಗಳಲ್ಲಿ ಹಡಗು ಕಟ್ಟುವ ಕೆಲಸ ಬೆಳೆಯಿತು. ಬೊಂಬಾಯಿಯ ಸರ್ಕಾರಕ್ಕೆ ಇದು ಕಣ್ಣಲ್ಲಿ ಬಿದ್ದ ಧೂಳು. 1768ರಲ್ಲಿ ಅವರ ದಂಡು ಕಡಲಿನಿಂದ ಬಂದು ಆ ಎರಡು ಬಂದರುಗಳನ್ನೂ ಹಿಡಿಯಿತು, ಹೆಚ್ಚು ದಿನ ಉಳಿಸಿಕೊಳ್ಳಲಾಗಲಿಲ್ಲ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಕಡಲಿನಿಂದಿಳಿದು, ಹೊಸಂಗಡಿಯ ಘಟ್ಟ ಹತ್ತಿ ಬಿದನೂರನ್ನೇ ಹಿಡಿದ. ಆಮೇಲೆ ಆದದ್ದು ಪತ್ರಸಾಹಿತ್ಯದ ಒಂದು ವಿಚಿತ್ರ ಅಧ್ಯಾಯ. ಸಿಕ್ಕಿದ ಹಣದ ಹಂಚಿಕೆಗಾಗಿ ಸೇನಾಪತಿಗೂ ಅಧಿಕಾರಿಗಳಿಗೂ ಜಗಳ. ಅಧಿಕಾರಿಗಳು ಬೊಂಬಾಯಿಗೆ ಹೋಗಿ ದೂರು. ಸೇನಾಪತಿಯಿಂದ ದೂರಿಗೆ ಪ್ರತಿದೂರು. ಬೊಂಬಾಯಿಯ ಸರ್ಕಾರ ಕಾಗದ ಓದಿ, ವಿಚಾರ ಮಾಡಿ, ಮ್ಯಾಥ್ಯೂಸನನ್ನು ತೆಗೆದು ಬೇರೊಬ್ಬನನ್ನು ನೇಮಿಸಿತು. ಅಷ್ಟರಲ್ಲಿ ಟಿಪ್ಪು ಬಂದು ಕೋಟೆಗೆ ಮುತ್ತಿಗೆ ಹಾಕಿದ್ದ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ.

ಟಿಪ್ಪುವಿನ ಕಾಗದಗಳೂ ಇವೆ. ಕರ್ಕ್‌ಪ್ಯಾಟ್ರಿಕ್ ಅವುಗಳಲ್ಲಿ ಕೆಲವನ್ನು ಆರಿಸಿ 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. 1796ರಲ್ಲಿ ಸುಲ್ತಾನ ನೌಕಾಪಡೆಗೆ ಹೊರಡಿಸಿದ ಆಜ್ಞೆಯಲ್ಲಿ ನಲವತ್ತು ಯುದ್ಧನೌಕೆಗಳ ಕನಸಿದೆ. ಕಟ್ಟಲು ಮೂರು ನೆಲೆಗಳು, ಕಾಡಿನಿಂದ ಮರ. ಮೂರೇ ವರ್ಷದಲ್ಲಿ ಕನಸು ಕಂಡವನೇ ಇಲ್ಲವಾದ. ಇವನ ಆಜ್ಞೆಗಳನ್ನೂ ವೆಲ್ಲೆಸ್ಲಿಯ ಟಿಪ್ಪಣಿಗಳನ್ನೂ ಒಟ್ಟಿಗೆ ಇಟ್ಟು ಓದಿದರೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಸುಲ್ತಾನನ ಕಾಗದದಲ್ಲಿ ಕಲ್ಪನೆ ಮುಂದೆ, ಲೆಕ್ಕ ಹಿಂದೆ. ಸಾಹಿತಿಯಾಗಿ ನಾನು ಸುಲ್ತಾನನ ಕಡೆ; ಆದರೆ ಗೆದ್ದದ್ದು ಲೆಕ್ಕ.

ಲೆಕ್ಕದವನಿಗೂ ಕಡಲು ಒಲಿಯಲಿಲ್ಲ ಎಂಬುದು ತಮಾಷೆ. 1800ರ ಕೊನೆಗೆ ಅವನನ್ನು ಶ್ರೀರಂಗಪಟ್ಟಣದಿಂದ ತಿರಿಕೋಣಮಲೆಗೆ ಕಳಿಸಿದರು. ಫ್ರೆಂಚರ ಮಾರಿಷಸ್ ದ್ವೀಪವನ್ನು ಹಿಡಿಯುವ ಯೋಚನೆ. ಆದರೆ ನೌಕಾಧಿಪತಿ ರೇನಿಯರ್, ದೊರೆಯ ಸ್ವಂತ ಅಪ್ಪಣೆಯಿಲ್ಲದೆ ಹಡಗು ತರಲಾರೆನೆಂದು ಗವರ್ನರ್ ಜನರಲನಿಗೇ ಖಂಡಿತವಾಗಿ ಹೇಳಿಬಿಟ್ಟ. ಆಮೇಲೆ ಗುರಿ ಈಜಿಪ್ಟಿನ ಕಡೆಗೆ ತಿರುಗಿತು. ವೆಲ್ಲೆಸ್ಲಿ ಅಣ್ಣನ ಅಪ್ಪಣೆಗೆ ಕಾಯದೆ ದಂಡನ್ನು ಬೊಂಬಾಯಿಗೆ ಕೊಂಡೊಯ್ದ. ಅಷ್ಟರಲ್ಲಿ ಮುಖ್ಯಾಧಿಕಾರ ಜನರಲ್ ಬೇರ್ಡನಿಗೆ ಹೋಯಿತು. ಇವನಿಗೆ ಜ್ವರ ಹಿಡಿದು ಹಿಂದೆ ಉಳಿದ. ಇವನು ಹತ್ತಬೇಕಾಗಿದ್ದ ಹಡಗು ಕೆಂಪು ಸಮುದ್ರದ ದಾರಿಯಲ್ಲಿ ಮುಳುಗಿಹೋಯಿತು.

ಈ ಸಂದರ್ಭದ ಕಾಗದಗಳೇ ನನ್ನ ಮನಸ್ಸು ತಿರುಗಿಸಿದವು. ಸರ್ಕಾರಿ ಕಾಗದಗಳಲ್ಲಿ ಮನುಷ್ಯನ ಮುಖವೇ ಇಲ್ಲ: ಕೆಂಪು ಸಮುದ್ರದ ಗಾಳಿ, ಕುಡಿಯುವ ನೀರು, ಬಂದರುಗಳ ವಿಷಯದಲ್ಲಿ ತನ್ನ ಸ್ಥಾನ ಕಿತ್ತುಕೊಂಡವನಿಗೇ ಸಲಹೆಯ ಟಿಪ್ಪಣಿ ಬರೆದು ಕೊಡುತ್ತಾನೆ. ಅದೇ ತಿಂಗಳು ಇನ್ನೊಬ್ಬ ಸಹೋದರ ಹೆನ್ರಿಗೆ ಬರೆದ ಖಾಸಗಿ ಕಾಗದದಲ್ಲಿ ಗಾಯ ಬಾಯಿಬಿಡುತ್ತದೆ: ನಮ್ಮಣ್ಣನೇ ನನ್ನನ್ನು ಏರಿಸಿ, ಅವನೇ ಎಲ್ಲರೆದುರು ಇಳಿಸಿದನಲ್ಲ ಎಂಬ ಸಂಕಟ. ಗರ್ವುಡ್ ಇಂಥವನ್ನು ತನ್ನ ಗ್ರಂಥಕ್ಕೆ ಸೇರಿಸಲಿಲ್ಲ. ಡ್ಯೂಕನ ಮಗ 1858ರಿಂದ ತಂದ ಪೂರಕ ಸಂಪುಟಗಳಲ್ಲಿ ಅವು ಬೆಳಕು ಕಂಡವು. ಗರ್ವುಡ್ ಇನ್ನೂ ಒಂದು ಕೈಚಳಕ ತೋರಿಸಿದ್ದಾನೆ. ಮರ್ಯಾದೆಗೆ ಕುಂದು ಬರುವ ಕಡೆ ಇಂಗ್ಲಿಷ್ ಅಧಿಕಾರಿಗಳ ಹೆಸರು ತೆಗೆದು ಗೀಟು ಎಳೆದುಬಿಟ್ಟಿದ್ದಾನೆ. ಶ್ರೀರಂಗಪಟ್ಟಣದ ಆಯುಧಶಾಲೆಯ ಸಾಮಾನನ್ನು ಕಂಪೆನಿಯ ಅಧಿಕಾರಿಗಳೇ ಕದ್ದು ಮಾರಿದ ಹಗರಣ ಬಂದಾಗ ಓದುಗನಿಗೆ ಸಿಕ್ಕುವುದು ಗೀಟು. ಧೋಂಡಿಯಾನ ಹೆಸರಿಗೆ ಮಾತ್ರ ಎಲ್ಲಿಯೂ ಗೀಟಿಲ್ಲ.

ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ಪತ್ರವ್ಯವಹಾರವೆಂದು ಹೆಸರು, ಆದರೆ ಹೋದ ಕಾಗದಗಳಿವೆ, ಬಂದವು ಇಲ್ಲ. ದಿವಾನ್ ಪೂರ್ಣಯ್ಯನವರ ಸಾಮರ್ಥ್ಯವನ್ನು ಆತ ಬಾಯಿ ತುಂಬ ಹೊಗಳುತ್ತಾನೆ. ದೇಶ ಬಿಡುವಾಗ ನೆನಪಿಗೆಂದು ತನ್ನ ಚಿತ್ರಪಟವನ್ನೇ ಅವರಿಗೆ ಬಿಟ್ಟುಹೋಗುತ್ತಾನೆ. ಆದರೆ ಅಷ್ಟು ಅಕ್ಕಿ, ಅಷ್ಟು ಎತ್ತು ಹೊಂದಿಸಿ ಕೊಟ್ಟ ಪೂರ್ಣಯ್ಯನವರ ಮಾತು ಈ ಪುಟಗಳಲ್ಲಿ ಕೇಳಿಸುವುದಿಲ್ಲ. ಅವರಿಗೆ ಆ ಅಕ್ಕಿ ಕೊಟ್ಟ ಹೊನ್ನಾಳಿಯ ರೈತನದಂತೂ ಕೇಳಲೇಬೇಡಿ.

ರೈತನ ಉಸಿರು ಕೇಳಿಸುವ ಒಂದು ಕಾಗದ ಈ ಬಗೆಯ ಬರಹದಲ್ಲಿದ್ದರೆ ಅದು ಸರ್ ತಾಮಸ್ ಮನ್ರೋನದು. 1799ರಲ್ಲಿ ಕನ್ನಡ ಜಿಲ್ಲೆಯ ಕಲೆಕ್ಟರಾಗಿ ಬಂದು, ಮುಂದೆ 1820ರಲ್ಲಿ ಮದರಾಸಿನ ಗವರ್ನರಾದವನು ಈತ. ನೌಕಾಪಡೆಗೆ ತೇಗದ ಮರ ಬೇಕೆಂದು ಕಂಪೆನಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸು ಅಧಿಕಾರಿಯನ್ನು ಅರಣ್ಯಪಾಲಕನನ್ನಾಗಿ ನೇಮಿಸಿತ್ತು. ಬೊಂಬಾಯಿಯ ಹಡಗುಕಟ್ಟೆಗೆ ಮರವೇನೋ ಸಾಗಿತು. ಮಲಬಾರು ಮತ್ತು ಕನ್ನಡ ಜಿಲ್ಲೆಯ ಜನಕ್ಕೆ ತಮ್ಮ ಹಿತ್ತಿಲ ಮರವನ್ನೂ ಮುಟ್ಟದಂತಾಯಿತು. 1822ರ ನವೆಂಬರಿನಲ್ಲಿ ಗವರ್ನರ್ ಮನ್ರೋ ಇದರ ಮೇಲೆ ಒಂದು ಟಿಪ್ಪಣಿ ಬರೆದ. ಮರ ಬೆಲೆಗೆ ಸಿಕ್ಕುತ್ತದೆ, ಜನ ತಾವಾಗಿ ಬೆಳೆಸಿ ಮಾರುತ್ತಾರೆ. ನಾಲ್ಕು ಕಾಸಿನ ಲಾಭಕ್ಕಾಗಿ ಪ್ರಜೆಗಳನ್ನೆಲ್ಲ ಪೀಡಿಸುವುದು ಸಲ್ಲದು ಎಂಬುದು ಅದರ ಅಭಿಪ್ರಾಯ. ಮರುವರ್ಷ ಆ ಹುದ್ದೆಯೇ ರದ್ದಾಯಿತು. ಮನ್ರೋನೂ ಕಂಪೆನಿಯ ಆಳೇ, ಅದರಲ್ಲಿ ಸಂದೇಹವಿಲ್ಲ. ಆದರೆ ಯುದ್ಧನೌಕೆಯ ತೊಲೆಯನ್ನು ಕುರಿತು ಬರೆಯುವಾಗಲೂ ಆ ತೊಲೆ ಮೊದಲು ಯಾರ ಹಿತ್ತಿಲಲ್ಲಿ ನಿಂತಿತ್ತು ಎಂಬುದನ್ನು ಮರೆಯದ ಗದ್ಯ ಅದು. ಈ ಮೂವರಲ್ಲಿ ನಾನು ಮೊದಲ ಮಣೆ ಹಾಕುವುದು ಮನ್ರೋನಿಗೆ, ಆಮೇಲೆ ಆರ್ಥರನಿಗೆ. ರಿಚರ್ಡನನ್ನು ಪಡಸಾಲೆಯಲ್ಲೇ ಕೂರಿಸಬಹುದು.

ಶಿವಮೊಗ್ಗೆಯ ಕಾಡು ಆಗ ಮೈಸೂರಿನದು, ಮನ್ರೋನ ಕಾಗದ ಅದಕ್ಕೆ ತಾಗುವುದಿಲ್ಲ. ನಮ್ಮ ಕಾಡಿನ ಸರದಿ ನೂರು ವರ್ಷ ತಡವಾಗಿ ಬಂತು. ಬೆಂಕಿಪುರವೆಂದಿದ್ದ ಊರು ಭದ್ರಾವತಿಯಾಗಿ, 1923ರಲ್ಲಿ ಅಲ್ಲಿನ ಕುಲುಮೆ ಉರಿಯತೊಡಗಿದಾಗ ಅದಕ್ಕೆ ಹಾಕಿದ್ದು ಮಲೆನಾಡಿನ ಮರದ ಇದ್ದಿಲು. ಆ ಲೆಕ್ಕದ ಕಡತಗಳನ್ನೂ ಒಂದು ದಿನ ಯಾರಾದರೂ ಹೀಗೆ ಓದಬೇಕು.

ಅನುವಾದದ ವಿಷಯದಲ್ಲಿ ಮೇಷ್ಟರಿಗೆ ಅರ್ಧ ಸೋತಿದ್ದೇನೆ. ಮೂರು ಸಂಪುಟ ಬೇಡ. ನಮ್ಮ ಸೀಮೆಗೆ ತಾಗಿದ ನಲವತ್ತು ಐವತ್ತು ಕಾಗದ ಸಾಕು, ಮನ್ರೋನ ಆ ಟಿಪ್ಪಣಿಯೂ ಜೊತೆಗಿರಲಿ. ಆದರೆ ಅಡಿಟಿಪ್ಪಣಿ ಬರೆಯುವವರು ಹೊಳೆ, ಹೇರು, ಕಾವಲು ಬಲ್ಲವರಾಗಿರಬೇಕು. ಎದುರು ಪುಟದಲ್ಲಿ ನಮ್ಮ ಕಡತಗಳ ಮಾತಿಗೂ ಜಾಗವಿರಬೇಕು. ಇದನ್ನು ಹೇಳಲು ಹೋದಾಗ ಮೇಷ್ಟರು ಅಡಿಟಿಪ್ಪಣಿಯ ಮಾತು ಕೇಳಿ, "ಹಾಗಾದರೆ ಇದನ್ನು ನೋಡಿ" ಎಂದು ಒಂದು ಪುಟ ತೆಗೆದರು.

1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ವೆಲ್ಲೆಸ್ಲಿ ತಾನೇ ಮುಂದಾಗಿ ನುಗ್ಗಿದ. ಧೋಂಡಿಯಾ ಅಲ್ಲಿ ಬಿದ್ದ. ಹೆಣವನ್ನು ಗುರುತಿಸಿ, ಫಿರಂಗಿಯ ಬಂಡಿಯ ಮೇಲೆ ಹಾಕಿ ಪಾಳೆಯಕ್ಕೆ ತಂದರು. ಕಾಗದದಲ್ಲಿ ಇಷ್ಟಿದೆ. ಸಾಮಾನು ಸರಂಜಾಮುಗಳ ನಡುವೆ ಸಿಕ್ಕಿದ ಒಬ್ಬ ಪುಟ್ಟ ಹುಡುಗನ ಮಾತು ಕಾಗದದಲ್ಲಿಲ್ಲ. ಅದು ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ ಸಂಪಾದಕನು ಸೇರಿಸಿದ್ದು. ಧೋಂಡಿಯಾನ ಮಗ, ಸಲಾಬತ್ ಖಾನ್. ತಂದೆಯನ್ನು ಕೊಂದವನು ಮಗನನ್ನು ತನ್ನ ಡೇರೆಗೆ ಕರೆದುಕೊಂಡ, ಸಾಕಿದ, ದೇಶ ಬಿಡುವಾಗ ಅವನ ಖರ್ಚಿಗೆ ಹಣ ಇಟ್ಟುಹೋದ. ಹುಡುಗ ಬೆಳೆದು ಮೈಸೂರು ಮಹಾರಾಜರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಮೇಷ್ಟರು ಕನ್ನಡಕ ಒರೆಸಿಕೊಂಡು, "ಎತ್ತಿನ ಲೆಕ್ಕಕ್ಕೆ ಮುನ್ನೂರು ಪುಟ, ಇದಕ್ಕೆ ನಾಲ್ಕು ಸಾಲು" ಎಂದರು. ಹೊರಗೆ ಮಳೆ ಹಿಡಿದಿತ್ತು. ಭದ್ರಾವತಿಯ ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ನಾಲ್ಕು ಸಾಲನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ಇಬ್ಬರೂ ಒಂದು ಕಾಗದದ ಮೇಲೆ ಗೀಚಿ ನೋಡಿದೆವು. 'ಸಾಕಿದ' ಎನ್ನುವುದೋ, 'ಇಟ್ಟುಕೊಂಡ' ಎನ್ನುವುದೋ ಎಂಬಲ್ಲಿಗೆ ಬಂದು ನಿಂತೆವು.